ಡಿಂಗನನ್ನು ಬೈಯುವ ಮೊದಲು ಇದನ್ನು ಓದಿ

(1)

ಕಳೆದ ಶುಕ್ರವಾರ ನಾನು ಹಾಕಿದ ಫೋಟೋ ನೋಡಿದ್ದೀರಿ. ನನ್ನ ಮಗ ಹಾಲ್‌ನಲ್ಲಿ ಕವುಚಿ ಮಲಗಿ, ಎದೆಯಡಿಗೆ ದಿಂಬು ಇಟ್ಟುಕೊಂಡು ಹಳೆಯ ಬಾಲಮಂಗಳ ಓದುತ್ತಿರುವುದು. ತುಂಬಾ ಜನ ಲೈಕ್ ಕೊಟ್ಟಿರಿ, ಸಂತೋಷ. ಆದರೆ ಕೆಳಗೆ ಬಂದ ಎರಡು ಕಮೆಂಟ್ ನನ್ನ ನಿದ್ದೆ ಕೆಡಿಸಿದವು. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಬೇಕಾದವಳು ಪರದೆ ಎಳೆದು ಟೈಪ್ ಮಾಡ್ತಾ ಕೂತಿದ್ದೇನೆ ಅಂದರೆ ನೀವೇ ಅಂದಾಜು ಮಾಡಿ.

ಮೊದಲನೆಯದು ನಮ್ಮ ಮಾವನದು. ಮೂವತ್ತು ವರ್ಷ ಮಾಷ್ಟ್ರಾಗಿದ್ದವರು, ನನಗೂ ಮಗ್ಗಿ ಕಲಿಸಿದವರು. "ಮಗುವಿಗೆ ಓದಲಿಕ್ಕೆ ಎಷ್ಟೊಂದು ಒಳ್ಳೆಯ ಪುಸ್ತಕ ಇರುವಾಗ ಹಾರುವ ಇಲಿಯ ಕಥೆ ಯಾಕೆ? ಇದು ಓದುವುದಲ್ಲ, ಚಿತ್ರ ನೋಡುವುದು" ಅಂತ ಬರೆದಿದ್ದಾರೆ. ಎರಡನೆಯದು ನನ್ನ ಜೊತೆ ಹೈಸ್ಕೂಲು ಓದಿದ, ಈಗ ಬೆಂಗಳೂರಲ್ಲಿರುವ ಗೆಳತಿಯದು. "ಮಸ್ಕತ್‌ನಲ್ಲಿ ಕೂತು ಬಾಲಮಂಗಳ ಯಾಕೆ ಮಾರಾಯ್ತಿ, ಮಕ್ಕಳಿಗಂತಲೇ ಒಳ್ಳೊಳ್ಳೆ ಇಂಗ್ಲಿಷ್ ಸೂಪರ್‌ಹೀರೋ ಕಾಮಿಕ್ಸ್ ಸಿಗ್ತದೆ, ಅದನ್ನು ಕೊಡು. ಇಂಗ್ಲಿಷಾದರೂ ಬರ್ತದೆ."

ಒಬ್ಬರಿಗೆ ಸೂಪರ್‌ಹೀರೋವೇ ಬೇಡ. ಇನ್ನೊಬ್ಬಳಿಗೆ ಸೂಪರ್‌ಹೀರೋ ಬೇಕು, ಆದರೆ ಹೊಳೆಯುವ ಕಾಗದದಲ್ಲಿ ಬೇಕು. ಇಬ್ಬರಿಗೂ ಉತ್ತರ ಕೊಡುವವಳಿದ್ದೇನೆ. ಉದ್ದ ಆಗ್ತದೆ. ಗಡಿಬಿಡಿ ಇದ್ದವರು ರಾತ್ರಿ ಓದಿ.

(2)

ಮೊದಲು ನಮ್ಮ ಮನೆಯ ವಿಷಯ, ಇಲ್ಲದಿದ್ದರೆ ನಾನು ಇಷ್ಟು ಸಿಟ್ಟಾಗುವುದು ಯಾಕೆ ಅಂತ ಗೊತ್ತಾಗಲಿಕ್ಕಿಲ್ಲ.

ಅಲ್ ಅಜೈಬಾದ ನಮ್ಮ ಫ್ಲಾಟ್‌ನಿಂದ ಸಮುದ್ರವೂ ಹತ್ತಿರ, ಏರ್‌ಪೋರ್ಟೂ ಹತ್ತಿರ. ವಿಮಾನ ಇಳಿಯುವಾಗಲೆಲ್ಲ ಮಗ ಕಿಟಕಿಗೆ ಓಡಿ "ಅಜ್ಜಿ ಬಂದ್ರಾ?" ಅಂತ ಕೇಳುತ್ತಿದ್ದ ಕಾಲ ಒಂದಿತ್ತು. ಈಗ ಎಂಟು ವರ್ಷ, ಹಾಗೆ ಕೇಳುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಸ್ವಲ್ಪ ಅರಬಿ. ಮನೆಯಲ್ಲಿ ತುಳು. ಕನ್ನಡ ಎಲ್ಲಿಯೂ ಇಲ್ಲ.

ಊರಲ್ಲಿ ಅಮ್ಮನಿಗೆ ಕಿವಿ ಮಂದವಾಗಿ ಮೂರು ವರ್ಷ ಆಯ್ತು. ಮಿಷನ್ ಹಾಕಿಸಿದೆವು, ಅದು ಕುಂಯ್ ಅನ್ನುತ್ತದೆ ಅಂತ ತೆಗೆದು ಡಬ್ಬಿಯಲ್ಲಿಟ್ಟಿದ್ದಾರೆ. ವಿಡಿಯೋ ಕಾಲ್ ಅಂದರೆ ಈ ಕಡೆಯಿಂದ ಇವನು ಬೊಬ್ಬೆ ಹೊಡೆಯುವುದು, ಆ ಕಡೆಯಿಂದ ಅವರು ನಗುವುದು, ಅಷ್ಟೇ. ಅದಕ್ಕೆ ಅಣ್ಣ ಫೋನಿಗೆ ಕನ್ನಡ ಕೀಬೋರ್ಡ್ ಹಾಕಿಕೊಟ್ಟ. ಅಮ್ಮ ಈಗ ದಿನಾ ಬೆಳಿಗ್ಗೆ ಮೊಮ್ಮಗನಿಗೆ ಮೂರು ನಾಲ್ಕು ಸಾಲು ಬರೆಯುತ್ತಾರೆ. ಬೆಕ್ಕು ಮರಿ ಹಾಕಿತು, ಹಲಸಿನ ಮರದಲ್ಲಿ ಮಂಗ ಬಂತು, ಇಂಥದ್ದು. ಕೆಲವೊಮ್ಮೆ ಕನ್ನಡದಲ್ಲಿ, ಕೆಲವೊಮ್ಮೆ ತುಳುವಿನಲ್ಲಿ. ತುಳುವನ್ನೂ ನಾವು ಬರೆಯುವುದು ಕನ್ನಡ ಅಕ್ಷರದಲ್ಲೇ ತಾನೇ? ಹಾಗಾಗಿ ಇವನಿಗೆ ಯಾವುದೂ ಓದಲಿಕ್ಕೆ ಬರುತ್ತಿರಲಿಲ್ಲ. ನಾನು ಮನೆಯಲ್ಲಿದ್ದರೆ ಓದಿ ಹೇಳುತ್ತಿದ್ದೆ. ಡ್ಯೂಟಿಯಲ್ಲಿದ್ದರೆ ಇವನು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದ.

ಒಂದು ದಿನ ಅಮ್ಮ ನನಗೆ ಬೇರೆಯಾಗಿ ಬರೆದರು: "ಇವನಿಗೆ ನಾನು ಬರೆದದ್ದು ತಿಳಿಯುತ್ತದಾ? ಬರೀ ಹೆಬ್ಬೆರಳು ಕಳಿಸ್ತಾನೆ." ವಾರ್ಡ್‌ನ ಮೆಡಿಸಿನ್ ಟ್ರಾಲಿಯ ಹತ್ತಿರ ನಿಂತು ಅದನ್ನು ಓದಿದೆ. ಆವತ್ತೇ ತೀರ್ಮಾನ ಮಾಡಿದ್ದು, ಇವನಿಗೆ ಕನ್ನಡ ಓದಲಿಕ್ಕೆ ಕಲಿಸುವುದೇ ಅಂತ.

ಅಕ್ಷರಮಾಲೆ ಎರಡು ತಿಂಗಳಲ್ಲಿ ಬಂತು. ಕಾಗುಣಿತವೂ ಹೇಗೋ ಬಂತು. ಒತ್ತಕ್ಷರದಲ್ಲಿ ಬಂಡಿ ನಿಂತಿತು. ಒಂದನೇ ಕ್ಲಾಸಿನ ಕನ್ನಡ ಪುಸ್ತಕ ಊರಿಂದ ತರಿಸಿದೆ. ಹದಿನೈದು ದಿನ ಓದಿದ, ಆಮೇಲೆ ಆ ಪುಸ್ತಕ ಕಾಣೆ. ಕ್ಲೀನ್ ಮಾಡುವಾಗ ಸೋಫಾದ ಅಡಿಯಲ್ಲಿ ಸಿಕ್ಕಿತು. ಅವನೇ ತುರುಕಿದ್ದು.

(3)

ಈಗ ಬೆಂಗಳೂರಿನ ಗೆಳತಿಗೆ. ನೀನು ಹೇಳಿದ್ದನ್ನು ನಾನು ಮೊದಲೇ ಮಾಡಿ ನೋಡಿದ್ದೇನೆ ಮಾರಾಯ್ತಿ. ಮಸ್ಕತ್ ಪುಸ್ತಕ ಮೇಳಕ್ಕೆ ಹೋಗಿ ಮಕ್ಕಳ ಸೂಪರ್‌ಹೀರೋ ಕಾಮಿಕ್ಸ್ ನಾಲ್ಕು ತಂದೆ. ಕಂಪನಿ ಹೆಸರು ಬೇಡ. 11 ರಿಯಾಲ್ ಆಯ್ತು, ನಮ್ಮ ದುಡ್ಡಲ್ಲಿ 2,400 ರೂಪಾಯಿಗೂ ಮೇಲೆ. ಮಗ ನಾಲ್ಕನ್ನೂ ಇಪ್ಪತ್ತು ನಿಮಿಷದಲ್ಲಿ ಮುಗಿಸಿದ. ನನಗೆ ಖುಷಿಯೋ ಖುಷಿ. ಆಮೇಲೆ ಕೇಳಿದೆ, ಕಥೆ ಎಂತ? "ಇವನು ಅವನಿಗೆ ಹೊಡೀತಾನೆ" ಅಂದ. ಯಾಕೆ ಹೊಡೀತಾನೆ? ಗೊತ್ತಿಲ್ಲ. ಇವನ ಹೆಸರೆಂತ? ಅದು ಗೊತ್ತಿತ್ತು, ಯಾಕೆಂದರೆ ಅದೇ ಮುಖ ಅವನ ನೀರಿನ ಬಾಟಲಿಯ ಮೇಲೆ ಉಂಟು.

ಒಂದು ರಾತ್ರಿ ನಾನೇ ಆ ಪುಸ್ತಕ ಬಿಡಿಸಿ ಕೂತೆ. ಆಗ ತಿಳಿಯಿತು. ಕಥೆ ಮಧ್ಯದಿಂದ ಶುರು. ವಿಲನ್ ಯಾರು, ಹಿಂದೆ ಎಂತ ಆಗಿತ್ತು, ಇದೆಲ್ಲ ಸಿನಿಮಾ ನೋಡಿದವರಿಗೆ ಗೊತ್ತಿದೆ ಅಂತಲೇ ಬರೆದದ್ದು. ಕೊನೆಯಲ್ಲಿ ಕಥೆ ಮುಗಿಯುವುದೂ ಇಲ್ಲ, ಮುಂದಿನ ಸಂಚಿಕೆಗೆ ಹಣ ಕೊಡಬೇಕು. ಚೌಕಟ್ಟುಗಳು ಓರೆಕೋರೆ, ಒಂದರ ಮೇಲೊಂದು. ಮೊದಲು ಯಾವ ಬಲೂನ್ ಓದಬೇಕು ಅಂತ ನನಗೇ ಎರಡು ಕಡೆ ತಪ್ಪಿತು.

ಇನ್ನೊಂದು ವಿಷಯ ಹೇಳಿದರೆ ನಗಬೇಡ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಬಲೂನ್ ಒಳಗಿನ ಮಾತು ಹೆಚ್ಚಾಗಿ ಪೂರಾ ದೊಡ್ಡ ಅಕ್ಷರದಲ್ಲೇ ಇರುವುದು, ಕ್ಯಾಪಿಟಲ್. ಕೈಯಲ್ಲಿ ಬರೆದು, ಅಗ್ಗದ ಕಾಗದದಲ್ಲಿ ಅಚ್ಚು ಹಾಕುತ್ತಿದ್ದ ಕಾಲದಿಂದ ಬಂದ ರೂಢಿ ಅದು. ಒಂದೇ ಎತ್ತರದ ಅಕ್ಷರಗಳು ಸಣ್ಣ ಜಾಗದಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಶಾಲೆಯಲ್ಲಿ ಇವನು ಓದಿ ಅಭ್ಯಾಸ ಮಾಡಿದ್ದು ಸಣ್ಣ ಅಕ್ಷರ. ಅವುಗಳಲ್ಲಿ ಒಂದಕ್ಕೆ ಬಾಲ ಕೆಳಗೆ, ಒಂದಕ್ಕೆ ಕೋಲು ಮೇಲೆ. ಹೊಸತಾಗಿ ಓದುವವನು ಆ ಆಕಾರದಲ್ಲೇ ಶಬ್ದವನ್ನು ಗುರುತು ಹಿಡಿಯಲಿಕ್ಕೆ ಶುರು ಮಾಡಿರುತ್ತಾನೆ. ಎಲ್ಲ ದೊಡ್ಡ ಅಕ್ಷರ ಮಾಡಿದರೆ ಎಲ್ಲ ಶಬ್ದವೂ ಒಂದೇ ರೀತಿಯ ಇಟ್ಟಿಗೆ.

ಇದು ನನ್ನ ಕೆಲಸದಲ್ಲೂ ಉಂಟು, ಅದಕ್ಕೇ ಕಣ್ಣಿಗೆ ಬಿತ್ತು. ಹೈಡ್ರಲಜೀನ್ ಅಂತ ಬಿ.ಪಿ.ಯ ಮದ್ದು ಒಂದು, ಹೈಡ್ರಾಕ್ಸಿಜೀನ್ ಅಂತ ತುರಿಕೆಯ ಮದ್ದು ಒಂದು. ಇಂಗ್ಲಿಷಲ್ಲಿ ಒಂದೇ ಥರ ಕಾಣುವುದರಿಂದ ಲೇಬಲ್‌ನಲ್ಲಿ ಹೆಸರಿನ ಒಂದು ಭಾಗ ಸಣ್ಣ ಅಕ್ಷರದಲ್ಲಿ, ಬೇರೆಯಾಗುವ ಭಾಗ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಯುವ ಪದ್ಧತಿ ಉಂಟು. ಟಾಲ್ ಮ್ಯಾನ್ ಲೆಟರಿಂಗ್ ಅನ್ನುತ್ತಾರೆ. ವರ್ಷಗಟ್ಟಲೆ ಓದಿದ ನರ್ಸ್‌ಗಳಿಗೇ ಅಕ್ಷರದ ಆಕಾರ ಇಷ್ಟು ಮುಖ್ಯ ಆದರೆ, ಎಂಟು ವರ್ಷದ ಹುಡುಗನಿಗೆ ಎಷ್ಟು ಇರಬಹುದು?

ಸರಿಯಾಗಿ ಮಾಡಲಿಕ್ಕೆ ಆಗುವುದಿಲ್ಲ ಅಂತ ಅಲ್ಲ. ಮಾಡಿದ್ದಾರೆ. 1974ರಿಂದ 1982ರವರೆಗೆ ಅಮೆರಿಕದಲ್ಲಿ 'ಸ್ಪೈಡಿ ಸೂಪರ್ ಸ್ಟೋರೀಸ್' ಅಂತ ಬರುತ್ತಿತ್ತು. ಮಾರ್ವೆಲ್ ಕಂಪನಿಯೂ ಮಕ್ಕಳಿಗೆ ಓದು ಕಲಿಸುವ 'ದಿ ಇಲೆಕ್ಟ್ರಿಕ್ ಕಂಪನಿ' ಟಿವಿ ಕಾರ್ಯಕ್ರಮದವರೂ ಸೇರಿ ಮಾಡಿದ್ದು, 57 ಸಂಚಿಕೆ. ಸುಲಭದ ಶಬ್ದ, ಚಿಕ್ಕ ಕಥೆ. ಆ ಟಿವಿ ಕಾರ್ಯಕ್ರಮದಲ್ಲಿ ಸ್ಪೈಡರ್‌ಮ್ಯಾನ್ ಬಾಯಿಬಿಟ್ಟು ಮಾತೇ ಆಡುತ್ತಿರಲಿಲ್ಲ. ಅವನ ಮಾತು ಬಲೂನ್‌ನಲ್ಲಿ ಬರುತ್ತಿತ್ತು, ಮಕ್ಕಳು ಓದಿಕೊಳ್ಳಬೇಕಿತ್ತು. ಎಂಥ ಉಪಾಯ ನೋಡು! ಓದುವವನು ಯಾರು ಅಂತ ಮೊದಲು ಯೋಚಿಸಿ ಆಮೇಲೆ ಹೀರೋನನ್ನು ಕರೆತಂದದ್ದು. ನಾನು 11 ರಿಯಾಲ್ ಕೊಟ್ಟದ್ದರಲ್ಲಿ ಮೊದಲು ಬಾಟಲಿ, ಬ್ಯಾಗು, ಸಿನಿಮಾ. ಆಮೇಲೆ ಉಳಿದರೆ ಓದುವವನು.

(4)

ಈಗ ಮಾವನಿಗೆ. ಕಾಲಿಗೆ ಬಿದ್ದೇ ಜಗಳ ಶುರು ಮಾಡುತ್ತೇನೆ.

ಮಾವ, ಕಾಮಿಕ್ಸ್ ಓದಿದರೆ ಮಕ್ಕಳು ಹಾಳಾಗ್ತಾರೆ ಅಂತ ನಿಮ್ಮ ಹಾಗೆಯೇ ಹೇಳಿದ ದೊಡ್ಡ ಡಾಕ್ಟರರೊಬ್ಬರು ಇದ್ದರು, ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಾಮ್. 1954ರಲ್ಲಿ ಪುಸ್ತಕವೇ ಬರೆದರು. ಅಲ್ಲಿನ ಸೆನೆಟ್‌ನಲ್ಲಿ ವಿಚಾರಣೆ ಆಯ್ತು, ಕಾಮಿಕ್ಸ್‌ಗಳ ಮೇಲೆ ಕಟ್ಟುಪಾಡು ಬಂತು. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ಅವರ ಕಡತಗಳನ್ನು ಬಿಡಿಸಿ ನೋಡಿದರು. ಮಕ್ಕಳು ಹೇಳಿದ ಮಾತನ್ನು ತಿರುಚಿದ್ದು, ಬೇರೆ ಬೇರೆ ಮಕ್ಕಳ ಮಾತನ್ನು ಸೇರಿಸಿ ಒಬ್ಬನದ್ದು ಅಂತ ಬರೆದದ್ದು, ಎಲ್ಲ ಹೊರಬಂತು. 2012ರಲ್ಲಿ ಅದು ಪ್ರಕಟವಾಯ್ತು. ಪೇಷೆಂಟ್‌ನ ಚಾರ್ಟ್‌ನಲ್ಲಿ ನಾವು ಹಾಗೆ ಮಾಡಿದರೆ ಲೈಸೆನ್ಸ್ ಹೋಗ್ತದೆ.

ನೀವು ಚಂದಮಾಮ ಕೊಡು ಅಂತೀರಿ. ಚಂದಮಾಮದ ಮೇಲೆ ನನಗೂ ಪ್ರೀತಿ ಉಂಟು. ಆದರೆ ಅದರ ಪುಟ ನೆನಪು ಮಾಡಿಕೊಳ್ಳಿ. ಒಂದು ಚಂದದ ಚಿತ್ರ, ಸುತ್ತಲೂ ಒತ್ತೊತ್ತಾಗಿ ಅಕ್ಷರ. ಅದು ಓದಲಿಕ್ಕೆ ಬರುವವರಿಗೆ. ಓದಲಿಕ್ಕೆ ಕಲಿಯುತ್ತಿರುವವನಿಗೆ ಒಂದು ಪುಟ ಎಂದರೆ ಚಾರ್ಮಾಡಿ ಘಾಟಿ. ನೀವು ಶಾಲೆಯಲ್ಲಿ ಕಲಿಸಿದ್ದು ಬೆಳಿಗ್ಗೆಯಿಂದ ಸಂಜೆವರೆಗೆ ಸುತ್ತ ಕನ್ನಡವೇ ಇದ್ದ ಮಕ್ಕಳಿಗೆ. ಬಸ್ಸಿನ ಬೋರ್ಡು, ಗೂಡಂಗಡಿಯ ಬೋರ್ಡು, ಯಕ್ಷಗಾನದ ಪೋಸ್ಟರು. ಇಲ್ಲಿ ಬೋರ್ಡುಗಳೆಲ್ಲ ಅರಬಿ ಮತ್ತು ಇಂಗ್ಲಿಷ್. ಕನ್ನಡ ಅಕ್ಷರ ಇವನ ಕಣ್ಣಿಗೆ ಬೀಳುವುದು ಅಜ್ಜಿಯ ಮೆಸೇಜಲ್ಲಿ, ಇಲ್ಲದಿದ್ದರೆ ಊರಿಂದ ಬಂದ ಉಪ್ಪಿನಕಾಯಿ ಬಾಟಲಿಯಲ್ಲಿ.

ಮತ್ತೆ, ದೊಡ್ಡಮ್ಮನನ್ನು ಮರೆತಿರಾ? ಸಾಕ್ಷರತೆಯ ರಾತ್ರಿ ಶಾಲೆಗೆ ಹೋಗಿ ನಲ್ವತ್ತರ ನಂತರ ಅಕ್ಷರ ಕಲಿತವರು. ಅಲ್ಲಿ ಕೊಟ್ಟ ಪುಸ್ತಕದಲ್ಲಿ ಇದ್ದದ್ದು ಕೈ ತೊಳೆಯಿರಿ, ಸಾಲ ಮಾಡಬೇಡಿ. ಅದನ್ನು ಒಮ್ಮೆ ಓದಿ ಕಪಾಟಿನ ಮೇಲೆ ಇಟ್ಟರು. ಆಮೇಲೆ ಬೀಡಿ ಕಟ್ಟುತ್ತಾ, ಮೊಣಕಾಲ ಹತ್ತಿರ ನಮ್ಮ ಬಾಲಮಂಗಳ ಬಿಡಿಸಿಟ್ಟುಕೊಂಡು, ತುಟಿ ಅಲ್ಲಾಡಿಸಿ ಓದುತ್ತಿದ್ದರು. ಬೈಗುಳ ಬಂದಲ್ಲಿ ಜೋರಾಗಿ ಓದಿ ನಗುತ್ತಿದ್ದರು. ಸಂಘದ ಪಾಸ್‌ಬುಕ್ ಅವರೇ ಓದಿ ಲೆಕ್ಕ ಕೇಳಿದ ದಿನ ನೀವೇ ಮೆಚ್ಚಿದ್ದೀರಿ. ಆ ಓದು ಎಲ್ಲಿ ಗಟ್ಟಿಯಾಯಿತು ಅಂತ ನಿಮಗೆ ಗೊತ್ತಿರಲಿಲ್ಲ, ಅಷ್ಟೇ.

(5)

ಅಣ್ಣ ಜನವರಿಯಲ್ಲಿ ಬರುವಾಗ ಅಟ್ಟದ ಮೇಲಿದ್ದ ಕಟ್ಟಿನಿಂದ ಹದಿನಾಲ್ಕು ಬಾಲಮಂಗಳ ತಂದ. ಮೂಲೆಯಲ್ಲಿ ಗೆದ್ದಲು ತಿಂದಿದೆ, ಒಂದೆರಡರ ಮೇಲೆ ನನ್ನದೇ ಗೀಚಾಟ ಉಂಟು. ನಾನು ಕೊಡಲೂ ಇಲ್ಲ, ಓದು ಅಂತ ಹೇಳಲೂ ಇಲ್ಲ. ಟೀಪಾಯಿ ಮೇಲೆ ಇಟ್ಟೆ.

ಡಿಂಗ ಹೇಗೆ ಕೆಲಸ ಮಾಡುತ್ತಾನೆ ಅಂತ ನಿಮಗೆಲ್ಲ ಗೊತ್ತುಂಟು. ಕಾಡಿನಲ್ಲಿ ಯಾರಿಗೋ ಕಷ್ಟ. ದುಷ್ಟ ಬರುತ್ತಾನೆ. ಡಿಂಗ ಹಾರಿ ಬರುತ್ತಾನೆ. ಏಟು. ಮುಗಿಯಿತು, ಎಲ್ಲ ನಾಲ್ಕೈದು ಪುಟದಲ್ಲಿ. ಮುಂದೆ ಎಂತ ಆಗುತ್ತದೆ ಅಂತ ಮಗುವಿಗೆ ಮೊದಲೇ ಗೊತ್ತು. ಇದನ್ನೇ ನೀವೆಲ್ಲ ದೋಷ ಅನ್ನುವುದು, ಒಂದೇ ಥರದ ಕಥೆ ಅಂತ. ಹೊಸ ಓದುಗನಿಗೆ ಅದೇ ಊರುಗೋಲು ಮಾರಾಯ್ರೇ. ಕಥೆ ಗೊತ್ತಿದ್ದರೆ ಶಬ್ದ ಊಹಿಸಬಹುದು, ಊಹಿಸಿದ್ದನ್ನು ಅಕ್ಷರ ನೋಡಿ ಸರಿಯಾ ಅಂತ ಪರೀಕ್ಷೆ ಮಾಡಬಹುದು. ಫಿಸಿಯೋಥೆರಪಿಯಲ್ಲಿ ಪೇಷೆಂಟ್ ಪ್ಯಾರಲಲ್ ಬಾರ್ ಹಿಡಿದುಕೊಂಡು ನಡೆಯುವ ಹಾಗೆ. ಬಾರ್ ಹಿಡಿದುಕೊಂಡ ಅಂತ ಅದನ್ನು ನಡಿಗೆ ಅಲ್ಲ ಅನ್ನುತ್ತೀರಾ?

ನನ್ನ ಮಗ ಮೊದಲು ಗಟ್ಟಿ ಮಾಡಿಕೊಂಡ ಒತ್ತಕ್ಷರ ಯಾವುದು ಹೇಳಿ? 'ಅಯ್ಯೋ' ಶಬ್ದದ ಯ್ಯೋ. ಏಟು ತಿಂದ ಪ್ರತಿಯೊಬ್ಬ ದುಷ್ಟನೂ ಅದನ್ನೇ ಹೇಳುವುದು ತಾನೇ? ನಾಲ್ಕನೇ ಸಲ ಬಂದಾಗ ಅವನೇ ಓಡಿಬಂದು ತೋರಿಸಿದ, "ಇದು ಅಯ್ಯೋ ಅಲ್ವಾ ಅಮ್ಮ?" ಆಮೇಲೆ 'ಶಕ್ತಿಮದ್ದು'. ಆ ಹೆಸರಿನಲ್ಲೇ ಎರಡು ಒತ್ತಕ್ಷರ ಕೂತಿವೆ, ಕ್ತಿ ಮತ್ತು ದ್ದು. (ನರ್ಸ್ ಆಗಿ ಆ ಮದ್ದಿನ ಡೋಸ್ ಎಷ್ಟು ಅಂತ ನನಗೆ ಇವತ್ತಿಗೂ ಕುತೂಹಲ.) ಮಹಾಪ್ರಾಣಗಳೂ ಹಾಗೆಯೇ. ಢ ಅಕ್ಷರ ಪಠ್ಯಪುಸ್ತಕದಲ್ಲಿ ಢಕ್ಕೆಗೆ ಒಮ್ಮೆ ಬಂದು ಹೋದರೆ ಮತ್ತೆ ಮುಖ ತೋರಿಸುವುದಿಲ್ಲ. ಚಿತ್ರಕಥೆಯಲ್ಲಿ ಯಾರಾದರೂ ಬಿದ್ದರೆ ಢಮಾರ್, ಹೊಡೆದರೆ ಢಿಶುಂ. ನಾನು ಸ್ಲೇಟಿನಲ್ಲಿ ತಿದ್ದಿಸಿ ಸೋತ ಅಕ್ಷರ ಅವನಿಗೆ ಒಂದು ಏಟಿನಲ್ಲಿ ಬಂತು. ಕನ್ನಡಕ್ಕೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಅಂತ ಬೇರೆ ಇಲ್ಲ. ಸ್ಲೇಟಿನಲ್ಲಿ ಕಲಿತ ಅಕ್ಷರವೇ ಬಲೂನ್‌ನಲ್ಲಿಯೂ ಸಿಗುತ್ತದೆ. ಇದು ನಮ್ಮ ಲಿಪಿಗೆ ಇರುವ ಅನುಕೂಲ. ನಾವೇ ಬಳಸಿಕೊಳ್ಳುವುದಿಲ್ಲ.

ಡಿಂಗ ಕನ್ನಡದಲ್ಲಿ ಹುಟ್ಟಿದವನಲ್ಲ ಎಂಬುದೂ ನೆನಪಿರಲಿ. ಮಲಯಾಳದ ಬಾಲಮಂಗಳಂನಲ್ಲಿ 1983ರಲ್ಲಿ ಬಂದ ಡಿಂಕನ್ ಅವನು. ನಮ್ಮ ವಾರ್ಡ್‌ನ ಕೋಟಯಂ ಕಡೆಯ ಸಿಸ್ಟರ್‌ಗೆ ನನ್ನ ಮಗನ ಫೋಟೋ ತೋರಿಸಿದೆ, ಡ್ಯೂಟಿ ರೂಮಿನಲ್ಲಿ ಕುಣಿದೇ ಬಿಟ್ಟಳು. ಅವರ ಕಡೆ ಡಿಂಕನ ಹೆಸರಲ್ಲಿ ಒಂದು ತಮಾಷೆಯ ಮತವನ್ನೇ ಕಟ್ಟಿದ್ದಾರಂತೆ, ಅದು ಬೇರೆ ಕಥೆ. ನಾನು ಹೇಳುವುದು ಇಷ್ಟು: ಗಡಿ ದಾಟಿ ಬಂದ ಇಲಿ ನಮ್ಮಲ್ಲಿ ಡಿಂಗ ಆಗಿ, ನಮ್ಮ ಮಾತಾಡಿ, ನಮ್ಮವನೇ ಆದ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ನಮ್ಮಂಥ ಎಷ್ಟು ಮಕ್ಕಳು ಅವನ ಬೆನ್ನ ಮೇಲೆ ಕೂತು ಕನ್ನಡದೊಳಗೆ ಬಂದಿಲ್ಲ! ಅರಬರೂ ಇದನ್ನೇ ಮಾಡಿದ್ದು. 1964ರಲ್ಲಿ ಬೈರೂತ್‌ನಿಂದ ಸೂಪರ್‌ಮ್ಯಾನ್ ಅರಬಿಯಲ್ಲಿ ಬಂದಾಗ ಕ್ಲಾರ್ಕ್ ಕೆಂಟ್‌ಗೆ ನಬೀಲ್ ಫೌಜಿ ಅಂತ ಹೆಸರಿಟ್ಟರು. ಓದುವ ಮಗುವಿಗೆ ನಾಲಿಗೆ ತಡವರಿಸದ ಹೆಸರು.

(6)

ಬಾಲಮಂಗಳದಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳುವವಳಲ್ಲ. ಈಗ ದೊಡ್ಡವಳಾಗಿ ಓದುವಾಗ ಕೆಲವು ಕಡೆ ಮುಜುಗರ ಆಯ್ತು. ಎಲ್ಲದಕ್ಕೂ ಏಟೇ ಪರಿಹಾರ. ಹೆಂಗಸು ಅಂದರೆ ಮಾಟಗಾತಿ, ಇಲ್ಲದಿದ್ದರೆ ಕಾಪಾಡಿ ಅಂತ ಕೂಗುವವಳು. ದಪ್ಪ ಇದ್ದವನನ್ನು ಕಂಡರೆ ನಗಬೇಕು. ಮಗನ ಹತ್ತಿರ ಕೂತು "ಇದು ಸರಿಯಾ?" ಅಂತ ಕೇಳಿದ್ದೇನೆ. ಅವನು "ಇಲಿ ಹಾರುವುದು ಸರಿಯಾ?" ಅಂತ ತಿರುಗಿ ಕೇಳಿದ. ಉತ್ತರ ಇರಲಿಲ್ಲ.

ಬೈರಾಸು ಬೆನ್ನಿಗೆ ಕಟ್ಟಿಕೊಂಡು ಸೋಫಾದಿಂದ ಹಾರಿದ್ದೂ ನಿಜ. ಮೊಣಕೈ ತರಚಿತು. ನಾನು ಮಕ್ಕಳ ವಾರ್ಡ್‌ನಲ್ಲಿ ಎರಡು ವರ್ಷ ಇದ್ದವಳು, ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಶಕ್ತಿಮಾನ್ ಧಾರಾವಾಹಿ ಬರುತ್ತಿದ್ದ ಕಾಲದಲ್ಲಿ, ಅವನು ಬಂದು ಕಾಪಾಡುತ್ತಾನೆ ಅಂತ ಮಕ್ಕಳು ಅಪಾಯ ಮಾಡಿಕೊಂಡ ಸುದ್ದಿ ಪೇಪರಿನಲ್ಲಿ ಬಂದು ನಮ್ಮ ಮನೆಯಲ್ಲಿ ಟಿವಿಯೇ ಬಂದ್ ಆಗಿತ್ತಲ್ಲ, ನೆನಪುಂಟಾ ಅಣ್ಣ? ಹಾಗಾಗಿ ಇವನಿಗೆ ಸೋಫಾದ ಹತ್ತಿರ ಕೂರಿಸಿ ಹೇಳಿದೆ. ಮನೆ ನಾಲ್ಕನೇ ಮಾಳಿಗೆಯಲ್ಲಿರುವುದರಿಂದ ಬಾಲ್ಕನಿಯ ಬಾಗಿಲಿಗೆ ಮೇಲಿನ ಚಿಲಕವನ್ನೂ ಹಾಕಿಸಿದೆ. ಆದರೆ ಬಾಟಲಿ ಮೇಲಿನ ಹೀರೋ ಬಂದ ವಾರವೂ ಇವನು ಹಾರಿದ್ದ. ಹಾರುವುದಕ್ಕೆ ಓದಲಿಕ್ಕೆ ಬರಬೇಕು ಅಂತ ಏನೂ ಇಲ್ಲ.

(7)

ಕೊನೆಯ ಪೋಸ್ಟ್, ಆಮೇಲೆ ಮಲಗುತ್ತೇನೆ. ಮಧ್ಯಾಹ್ನ ಮಗ ಬಂದರೆ ನಿದ್ದೆ ಇಲ್ಲ.

ನನ್ನ ಸಿಟ್ಟು ನಿಮ್ಮಿಬ್ಬರ ಮೇಲೆ ಅರ್ಧ, ಕನ್ನಡದ ಪ್ರಕಾಶಕರ ಮೇಲೆ ಅರ್ಧ. ಅಮರ ಚಿತ್ರ ಕಥೆ ಶುರುವಾದದ್ದೇ ಕನ್ನಡದಲ್ಲಿ ಅಂತ ನಿಮಗೆ ಎಷ್ಟು ಜನರಿಗೆ ಗೊತ್ತು? ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ 1960ರ ದಶಕದಲ್ಲಿ ಮೊದಲು ಹತ್ತು ಚಿತ್ರಪುಸ್ತಕ ಬಂದದ್ದು ಕನ್ನಡದಲ್ಲಿ, ಸಿಂಡ್ರೆಲಾದಂಥ ಹೊರದೇಶದ ಕಥೆಗಳು. ಅದಕ್ಕೇ ಅನಂತ ಪೈ ಅವರ 'ಕೃಷ್ಣ' ಸರಣಿಯ 11ನೇ ನಂಬರಿನ ಪುಸ್ತಕ. ಇಂಥ ಭಾಷೆಯಲ್ಲಿ ಇವತ್ತು ಎಂಟು ವರ್ಷದ, ಅಕ್ಷರ ಮಾತ್ರ ಬಲ್ಲ ಹುಡುಗನ ಕೈಗೆ ಕೊಡುವ ಹೊಸ ಚಿತ್ರಕಥೆ ಹುಡುಕಿ ನಾನು ಸುಸ್ತಾದೆ. ದೊಡ್ಡವರು ಕೊಟ್ಟು ಖುಷಿಪಡುವ ಪುಸ್ತಕ ಬೇಕಾದಷ್ಟು ಉಂಟು, ಎಲ್ಲದರ ಕೊನೆಯಲ್ಲಿ ನೀತಿ. ಮಗು ಕದ್ದು ಓದುವ ಪುಸ್ತಕ ಎಲ್ಲಿ? ಬಣ್ಣ ಇಷ್ಟು ಬೇಡ, ಹೊಳೆಯುವ ಕಾಗದ ಬೇಡ. ಒಂದು ಸಂಚಿಕೆಯಲ್ಲಿ ಮುಗಿಯುವ ಕಥೆ, ಎಡದಿಂದ ಬಲಕ್ಕೆ ನೆಟ್ಟಗೆ ಹೋಗುವ ಚೌಕಟ್ಟು, ಒಂದು ಬಲೂನ್‌ಗೆ ಆರೇಳು ಶಬ್ದ, ಕಾಣುವಷ್ಟು ದೊಡ್ಡ ಒತ್ತಕ್ಷರ. ಅಷ್ಟು ಮಾಡಿದರೆ ಇಲಿಯೇ ಹಾರಲಿ, ಓತಿಕ್ಯಾತವೇ ಹಾರಲಿ.

ಹೋದ ವಾರದ ಒಂದು ಸಂಗತಿ ಅಮ್ಮನ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ನಾನು ಡ್ಯೂಟಿಯಲ್ಲಿದ್ದೆ. ಅಮ್ಮ ಇವನಿಗೆ ಬರೆದಿದ್ದರು: "ನಾಯಿ ನನ್ನ ಚಪ್ಪಲಿ ಕಚ್ಚಿತು." ಇವನು ಪಕ್ಕದ ಫ್ಲಾಟಿನ ಆಂಟಿಯ ಮನೆಯಲ್ಲಿ ಕೂತು ಒಬ್ಬನೇ ಓದಿದ್ದಾನೆ. ಚಪ್ಪಲಿಯ ಪ್ಪ, ಕಚ್ಚಿತು ಶಬ್ದದ ಚ್ಚಿ, ಎರಡನ್ನೂ ದಾಟಿದ್ದಾನೆ. ಹೆಬ್ಬೆರಳು ಕಳಿಸಲಿಲ್ಲ. "ಅಯ್ಯೋ" ಅಂತ ಟೈಪ್ ಮಾಡಿ ಕಳಿಸಿದ್ದಾನೆ. ಅಮ್ಮ ಆ ಮೆಸೇಜನ್ನು ಅತ್ತಿಗೆಗೆ, ಕೆಲಸದವಳಿಗೆ, ಹಾಲಿನ ಸೊಸೈಟಿಯಲ್ಲಿ ಇದ್ದವರಿಗೆಲ್ಲ ತೋರಿಸಿದ್ದಾರಂತೆ.

ಡಿಸೆಂಬರಲ್ಲಿ ಯಾರು ಯಾರು ಮಸ್ಕತ್ ಕಡೆ ಬರುವವರಿದ್ದೀರಿ, ಕೆಳಗೆ ಹೇಳಿ. ಅಟ್ಟದಲ್ಲಿ ಇನ್ನೂ ಮೂವತ್ತರಷ್ಟು ಬಾಲಮಂಗಳ ಉಳಿದಿವೆ. ಮಾವ, ನಿಮ್ಮ ಮನೆಯ ಮಾಳಿಗೆಯಲ್ಲಿಯೂ ಒಂದು ಕಟ್ಟು ಉಂಟು ಅಂತ ನನಗೆ ಗೊತ್ತು, ಮಕ್ಕಳಿಂದ ಕಿತ್ತುಕೊಂಡು ಇಟ್ಟದ್ದು. ಅದನ್ನೂ ಅಣ್ಣನ ಹತ್ತಿರ ಕೊಡಿ. ಅಣ್ಣ, ಪೆಟ್ಟಿಗೆಯಲ್ಲಿ ನಾಲ್ಕು ಕಿಲೋ ಜಾಗ ಇಡು. ಹಪ್ಪಳ ಈ ಸಲ ಬೇಡ.